ಬ್ಲೇಡ್ ಇಳಿಸಿದ ಕೂಡಲೇ ಚಕ್ರ ಜಾರುತ್ತದೆ, ಏನು ಮಾಡಲಿ?

ಪ್ರಶ್ನೆ: ಸರ್, ನಮಸ್ಕಾರ. ಮಿನೆಸೋಟದ ಡುಲೂತ್ ಹತ್ತಿರ ನಾವು ಮನೆ ತೊಗೊಂಡು ಎರಡು ವರ್ಷ ಆಯ್ತು. ಮನೆ ಮೇಲಿದೆ, ರಸ್ತೆ ಕೆಳಗಿದೆ. ರಸ್ತೆಯಿಂದ ಮನೆವರೆಗಿನ ದಾರಿ, ಅದೇ ಡ್ರೈವ್‌ವೇ, ಸುಮಾರು 80 ಮೀಟರ್. ಮೇಲಿನ ಅರ್ಧ ಜಲ್ಲಿ, ರಸ್ತೆ ಕಡೆಯ ಅರ್ಧ ಡಾಂಬರು. ಆ ಡಾಂಬರಿನ ಭಾಗದಲ್ಲೇ ಏರು ಜಾಸ್ತಿ. ಹಳೇ 500 ಸಿಸಿ ಫೋರ್ ವೀಲ್ ಡ್ರೈವ್ ಎಟಿವಿಗೆ (ಬೈಕಿನಂಥ ಹ್ಯಾಂಡಲ್, ದಪ್ಪ ಟೈರಿನ ನಾಲ್ಕು ಚಕ್ರದ ಗಾಡಿ) ಹಿಮ ತಳ್ಳುವ 60 ಇಂಚಿನ ಬ್ಲೇಡ್ ಹಾಕಿಸಿದ್ದೇನೆ. ರಸ್ತೆ ಕಡೆಯಿಂದ ಹಿಮ ತಳ್ಳಿಕೊಂಡು ಮೇಲೆ ಬರುವಾಗ ಚಕ್ರಗಳು ನಿಂತಲ್ಲೇ ಸುತ್ತುತ್ತವೆ. ಹಿಂದೆ ಹೋಗಿ ಜೋರಾಗಿ ಗುದ್ದಿದರೆ ಸ್ವಲ್ಪ ಮುಂದೆ ಹೋಗುತ್ತದೆ. ಅಂಗಡಿಯವರು ದೊಡ್ಡ ಬಟನ್ ಇರುವ ಮಡ್ ಟೈರ್ ಹಾಕಿಸಿ ಅಂದರು. ಗೆಳೆಯರು ಟೈರಿನ ಗಾಳಿ ಇಳಿಸು ಅಂತಾರೆ. ಚೈನ್ ಹಾಕಲೋ, ಮರಳಿನ ಚೀಲ ಹೇರಲೋ? ಯಾವುದು ಮೊದಲು?

ಉತ್ತರ: ಮೊದಲು ಆ ಗುದ್ದುವ ಕೆಲಸ ನಿಲ್ಲಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಾನಿರುವುದು ಸುಪೀರಿಯರ್ ಸರೋವರದ ಈಚೆ ದಡದಲ್ಲಿ, ಮಿಷಿಗನ್ನಿನ ಹೋಟನ್ ಊರಿನಲ್ಲಿ. ಇಂಥ ಗಾಡಿಗಳನ್ನು ಬಿಚ್ಚಿ ಜೋಡಿಸುವುದೇ ನನ್ನ ಹೊಟ್ಟೆಪಾಡು. ನಿಮ್ಮ ಡುಲೂತ್‌ನಲ್ಲಿ ವರ್ಷಕ್ಕೆ ಸರಾಸರಿ 90 ಇಂಚಿನ ಆಸುಪಾಸು ಹಿಮ ಬೀಳುತ್ತದೆ. 2022-23ರಲ್ಲಿ 140 ಇಂಚು ಮುಟ್ಟಿತ್ತು. ನಮ್ಮ ಕಡೆ ಇನ್ನೂ ಜಾಸ್ತಿ. ಪಕ್ಕದ ಕೀವಿನಾ ಕೌಂಟಿಯಲ್ಲಿ 1978-79ರ ಚಳಿಗಾಲದಲ್ಲಿ 390.4 ಇಂಚು ಬಿದ್ದ ಲೆಕ್ಕವನ್ನು ಹೆದ್ದಾರಿ ಪಕ್ಕ ದೊಡ್ಡ ಥರ್ಮಾಮೀಟರಿನಂಥ ಕಂಬ ನಿಲ್ಲಿಸಿ ಬರೆದಿದ್ದಾರೆ. ಹಾಗಾಗಿ ನಿಮ್ಮ ಈ ಪ್ರಶ್ನೆ ನನಗೆ ಹೊಸದಲ್ಲ. ನವೆಂಬರ್ ಬಂತು ಅಂದರೆ ವಾರಕ್ಕೊಬ್ಬರಾದರೂ ಇದನ್ನೇ ಕೇಳಿಕೊಂಡು ಬರುತ್ತಾರೆ.

ಒಂದು ಹಳೇ ಕಥೆಯಿಂದ ಶುರು ಮಾಡುತ್ತೇನೆ, ನಿಮ್ಮ ತೊಂದರೆಯ ಬೇರು ಅಲ್ಲಿದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಹೋಂಡಾ ಡೀಲರ್‌ಗಳಿಗೆ ಒಂದು ಚಿಂತೆ ಇತ್ತು. ಚಳಿಗಾಲ ಬಂದರೆ ಬೈಕ್ ಮಾರಾಟ ನಿಂತುಹೋಗುತ್ತಿತ್ತು. ಹಿಮದಲ್ಲೂ ಓಡುವಂಥದ್ದು ಏನಾದರೂ ಕೊಡಿ ಅಂತ ಕಂಪನಿಯನ್ನು ಕೇಳಿದರು. ಹಾಗೆ 1970ರಲ್ಲಿ ಬಂದದ್ದು ಮೂರು ಚಕ್ರದ ಯುಎಸ್ 90. ಅದರ ಗುಟ್ಟು ಎಂಜಿನ್‌ನಲ್ಲಿ ಇರಲಿಲ್ಲ, ಟೈರಿನಲ್ಲಿತ್ತು. ಬಲೂನಿನ ಹಾಗೆ ದಪ್ಪ, ಒಳಗೆ ಗಾಳಿ ತೀರಾ ಕಡಿಮೆ. ಮೆತ್ತಗಿನ ಮರಳು, ಕೆಸರು, ಹಿಮ ಯಾವುದರಲ್ಲೂ ಹೂತುಕೊಳ್ಳದೆ ಮೇಲೆ ಮೇಲೆ ಹೋಗುತ್ತಿತ್ತು. ನಾಲ್ಕು ಚಕ್ರದ ಗಾಡಿಗಳು 80ರ ದಶಕದಲ್ಲಿ ಬಂದವು. ಟೈರಿನ ಬುದ್ಧಿ ಮಾತ್ರ ಅದೇ ಉಳಿಯಿತು. ಅಂದರೆ ನಿಮ್ಮ ಎಟಿವಿ ಹಿಮದ ಮೇಲೆ ತೇಲಲಿಕ್ಕೆ ಹುಟ್ಟಿದ್ದು. ನೀವು ಅದರ ಮೂತಿಗೆ ಒಂದು ಬ್ಲೇಡ್ ಕಟ್ಟಿ, ನೆಲ ಕಚ್ಚಿ ತಳ್ಳು ಅಂತಿದ್ದೀರಿ. ತೇಲುವುದಕ್ಕೂ ಕಚ್ಚುವುದಕ್ಕೂ ಎಣ್ಣೆ ಸೀಗೇಕಾಯಿ ಸಂಬಂಧ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಗಾಡಿ 330 ಕೆಜಿ, ನೀವು ಬಟ್ಟೆಬರೆ ಸೇರಿ 80 ಕೆಜಿ ಅಂತ ಇಟ್ಟುಕೊಳ್ಳಿ. ಒಟ್ಟು 410, ಅಂದರೆ ಸುಮಾರು 900 ಪೌಂಡ್. ಟೈರಿನ ಗಾಳಿ 6 ಪಿಎಸ್‌ಐ, ಅಂದರೆ ಚದರ ಇಂಚಿಗೆ 6 ಪೌಂಡ್ ಒತ್ತಡ. ಭಾರವನ್ನು ಗಾಳಿಯ ಒತ್ತಡದಿಂದ ಭಾಗಿಸಿದರೆ ನಾಲ್ಕೂ ಟೈರು ಸೇರಿ ನೆಲಕ್ಕೆ ತಾಗುವ ಜಾಗ ಸುಮಾರು 150 ಚದರ ಇಂಚು. 1,600 ಕೆಜಿಯ ನಿಮ್ಮ ಕಾರಿಗೆ 33 ಪಿಎಸ್‌ಐ ಇರುತ್ತದೆ, ಅದು ನೆಲಕ್ಕೆ ತಾಗುವುದು ನೂರು ಚದರ ಇಂಚಿನಷ್ಟು. ಕಾರಿನ ಕಾಲು ಭಾಗ ತೂಕ, ಅದರ ಒಂದೂವರೆ ಪಟ್ಟು ಪಾದ. ಮೆತ್ತಗಿನ ಹಿಮದ ಮೇಲೆ ಓಡಾಡುವುದಕ್ಕೆ ಇದು ವರ. ಗಟ್ಟಿ ಹಿಮದ ಮೇಲೆ ನಿಂತು ತಳ್ಳುವುದಕ್ಕೆ ಇದೇ ಶಾಪ.

ಈಗ ನಿಮ್ಮ ಏರಿಗೆ ಬರೋಣ. ಒಣ ಡಾಂಬರಿನ ಮೇಲೆ ರಬ್ಬರಿನ ಹಿಡಿತ, ಚಕ್ರಗಳ ಮೇಲಿರುವ ತೂಕದ 70-80 ಭಾಗ ಸಿಗುತ್ತದೆ, ನೂರಕ್ಕೆ. ಒತ್ತಿ ಗಟ್ಟಿಯಾದ ಹಿಮದ ಮೇಲೆ 20ರಿಂದ 30. ನುಣ್ಣಗಿನ ಐಸ್ ಮೇಲೆ 10. ನಿಮ್ಮ ಏರು ಎಷ್ಟು ಅಂತ ನೀವು ಬರೆದಿಲ್ಲ. ಹತ್ತು ಅಡಿಗೆ ಒಂದು ಅಡಿ ಅಂದುಕೊಳ್ಳುತ್ತೇನೆ, ಡುಲೂತ್‌ನ ಗುಡ್ಡಗಳಲ್ಲಿ ಅದೇನೂ ದೊಡ್ಡ ಏರಲ್ಲ.

ಒತ್ತಿದ ಹಿಮದ ಮೇಲೆ ನಿಮಗೆ ಸಿಗುವ ತಳ್ಳುವ ಶಕ್ತಿ ಸುಮಾರು 100 ಕೆಜಿ. ಅದರಲ್ಲಿ 41 ಕೆಜಿ ಗಾಡಿ ತನ್ನನ್ನೇ ಮೇಲಕ್ಕೆ ಎಳೆದುಕೊಳ್ಳಲು ಖರ್ಚಾಗುತ್ತದೆ. ಹಿಮ ತಳ್ಳಲು ಉಳಿಯುವುದು 60. ಅದೇ ಗಾಡಿ ಮೇಲಿನಿಂದ ಕೆಳಗೆ ತಳ್ಳಿದರೆ ಇಳಿಜಾರು ನಿಮ್ಮ ಕಡೆ ಸೇರುತ್ತದೆ. 100ಕ್ಕೆ 41 ಕೂಡಿ 140. ಒಂದು ಡಾಲರ್ ಖರ್ಚಿಲ್ಲದೆ ಎರಡು ಪಟ್ಟಿಗಿಂತ ಜಾಸ್ತಿ ಬಲ!

ನುಣ್ಣಗಿನ ಐಸ್ ಮೇಲಿನ ಲೆಕ್ಕ ಇನ್ನೂ ಮಜಾ ಇದೆ. ಅಲ್ಲಿ ಸಿಗುವ ಹಿಡಿತ 41 ಕೆಜಿ. ಏರಲು ಬೇಕಾದದ್ದೂ 41 ಕೆಜಿ. ಅಲ್ಲಿಗೆ ಸಮ ಸಮ ಆಯಿತು. ಮುಂದೆ ಒಂದು ಹಿಡಿ ಹಿಮ ಇಲ್ಲದಿದ್ದರೂ ಗಾಡಿ ಏರಲಾರದು. ಈಗ ನೀವು ಹಿಂದೆ 50 ಕೆಜಿ ಮರಳು ಹೇರಿದಿರಿ ಅನ್ನಿ. ಹಿಡಿತ 5 ಕೆಜಿ ಹೆಚ್ಚಿತು, ಏರಲು ಬೇಕಾದ ಬಲವೂ 5 ಕೆಜಿ ಹೆಚ್ಚಿತು. ಮತ್ತೆ ಸಮ ಸಮ. ಐಸ್ ಕಟ್ಟಿದ ಏರಿನಲ್ಲಿ ಮರಳಿನ ಚೀಲ ಹೇರಿ ನನ್ನ ಹತ್ತಿರ ಬಂದು, ಏನೂ ಉಪಯೋಗ ಆಗಲಿಲ್ಲ ಅಂತ ಬೈಯುವವರಿದ್ದಾರೆ. ಅವರ ತಪ್ಪಿಲ್ಲ. ಅಲ್ಲಿ ಬದಲಾಗಬೇಕಾದದ್ದು ತೂಕ ಅಲ್ಲವೇ ಅಲ್ಲ, ಚಕ್ರ ಮತ್ತು ನೆಲ ಮುಟ್ಟುವ ಜಾಗ.

ಅದಕ್ಕೇ ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ: ಮೊದಲು ತಳ್ಳುವ ದಿಕ್ಕು ಬದಲಿಸಿ, ಎರಡನೆಯದಾಗಿ ಹಿಂದಿನ ಎರಡು ಚಕ್ರಕ್ಕೆ ಚೈನ್ ಹಾಕಿ, ಮರಳು ಆಮೇಲೆ. ಮಡ್ ಟೈರ್ ಬೇಡ.

ಚೈನ್ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಹುಟ್ಟಿ ಬೆಳೆದದ್ದು ಕೊಪ್ಪದ ಹತ್ತಿರ. ಮಳೆಗಾಲದಲ್ಲಿ ತೋಟದ ಮಣ್ಣು ರಸ್ತೆ ಹತ್ತಬೇಕಾದರೆ ಜೀಪಿನ ಹಿಂದಿನ ಚಕ್ರಕ್ಕೆ ಚೈನ್ ಕಟ್ಟುವುದನ್ನು ಮಲೆನಾಡಿನವರು ಎಲ್ಲರೂ ನೋಡಿದ್ದಾರೆ. ಆ ಕೆಂಪು ಜೇಡಿ ಕೆಸರೂ ಈ ಐಸೂ ಟೈರಿಗೆ ಮಾಡುವುದು ಒಂದೇ ಕೆಲಸ. ಮೇಲೆ ತೆಳುವಾದ ಜಾರುವ ಪದರ, ಕೆಳಗೆ ಗಟ್ಟಿ ನೆಲ. ಚೈನು ಆ ಪದರವನ್ನು ಸೀಳಿ ಕೆಳಗಿನದನ್ನು ಹಿಡಿಯುತ್ತದೆ. ಒಂದೊಂದು ಚಕ್ರದಲ್ಲೂ ರಬ್ಬರಿನ 40 ಚದರ ಇಂಚಿಗೆ ಹಂಚಿಹೋಗಿದ್ದ ಭಾರ ಈಗ ನಾಲ್ಕೈದು ಕಬ್ಬಿಣದ ಏಣುಗಳ ಮೇಲೆ ಬೀಳುತ್ತದೆ. ತೇಲುವ ಚಕ್ರ ಕಚ್ಚುವ ಚಕ್ರವಾಗುವುದು ಹೀಗೆ.

ಎಟಿವಿ ಚೈನ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಏಣಿಯ ಥರದ್ದು. ಎರಡು ಉದ್ದ ಸರಪಳಿ, ನಡುವೆ ಮೆಟ್ಟಿಲಿನ ಹಾಗೆ ಅಡ್ಡ ಸರಪಳಿ. ಅಗ್ಗ. ಮುಂದೆ ತಳ್ಳುವುದಕ್ಕೆ ಒಳ್ಳೇದು. ಆದರೆ ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಇನ್ನೊಂದು ವಜ್ರದಾಕಾರದ ಬಲೆ. ಇದು ನಾಲ್ಕೂ ಕಡೆಗೆ ಹಿಡಿಯುತ್ತದೆ, ಬೆಲೆ ಜಾಸ್ತಿ. ಏಣಿಯದ್ದನ್ನೇ ತೊಗೊಳ್ಳುವುದಾದರೆ ಅಡ್ಡ ಸರಪಳಿಗಳು ಎರಡು ಕೊಂಡಿಗೊಂದು ಇರುವುದನ್ನು ನೋಡಿ ತೊಗೊಳ್ಳಿ. ನಾಲ್ಕು ಕೊಂಡಿಗೊಂದು ಇರುವುದರಲ್ಲಿ ನಡುವೆ ಬರೀ ರಬ್ಬರ್ ನೆಲಕ್ಕೆ ತಾಗುವ ಹೊತ್ತು ಬರುತ್ತದೆ. ಆಗ ಚಕ್ರ ಜಾರಿ, ಮುಂದಿನ ಸರಪಳಿ ಸಿಕ್ಕಿ, ಗಾಡಿ ದಡಕ್ ದಡಕ್ ಅನ್ನುತ್ತದೆ. ಅಡ್ಡ ಕೊಂಡಿಗಳ ಮೇಲೆ ಇಂಗ್ಲಿಷಿನ ವಿ ಆಕಾರದ ಸಣ್ಣ ಉಕ್ಕಿನ ತುಂಡು ಬೆಸುಗೆ ಹಾಕಿರುತ್ತಾರೆ, ವಿ-ಬಾರ್ ಅಂತಾರೆ. ಐಸ್‌ಗೆ ಅದಕ್ಕಿಂತ ಒಳ್ಳೇದು ಇಲ್ಲ.

ನಿಮ್ಮದು ಡಾಂಬರು ಏರು, ವಿ-ಬಾರ್ ಅದರ ಮೇಲೆ ಗೀರು ಹಾಕುತ್ತದೆ. ಇದನ್ನು ಮುಚ್ಚಿಡುವುದಿಲ್ಲ. ಡಾಂಬರು ಬರಿಯಾಗಿ ಕಾಣುವಾಗ ಚಕ್ರ ಸುತ್ತಿಸಿದರೆ ಗೀರಲ್ಲ, ಗುಂಡಿಯೇ ಬೀಳಬಹುದು. ಆದರೂ ನಾನು ನಿಮ್ಮ ಜಾಗದಲ್ಲಿದ್ದರೆ ವಿ-ಬಾರ್ ಹಾಕಿಸುತ್ತೇನೆ. ಏರಿನ ಬುಡದಲ್ಲಿ ಕಾರು ಲಾರಿ ಓಡುವ ರಸ್ತೆ ಇದೆ. ಡಾಂಬರಿನ ಅಂದ ಕಟ್ಟಿಕೊಂಡು ನನಗೇನಾಗಬೇಕು?

ಹಾಕುವ ರೀತಿ ನೋಡಿ. ಟೈರಿನ ಗಾಳಿಯನ್ನು ಅರ್ಧ ಇಳಿಸಿ. ಚೈನನ್ನು ನೆಲದಲ್ಲಿ ಹಾಸಿ ಗಂಟು ಬಿಡಿಸಿ. ವಿ-ಬಾರ್ ಹೊರಮುಖವಾಗಿರಬೇಕು, ಟೈರಿನ ಕಡೆಗಲ್ಲ. ಕೊಂಡಿಗಳ ಬಾಯಿಯೂ ಹೊರಗೆ. ಉಲ್ಟಾ ಹಾಕಿದರೆ ಅದೇ ಕೊಂಡಿ ಟೈರಿನ ಪಕ್ಕೆಯನ್ನು ಕೊರೆಯುತ್ತದೆ. ಚೈನನ್ನು ಟೈರಿನ ಮೇಲೆ ಹೊದಿಸಿ, ಗಾಡಿಯನ್ನು ಒಂದಡಿ ಮುಂದೆ ಉರುಳಿಸಿ, ಒಳಗಡೆಯ ಕೊಂಡಿ ಮೊದಲು ಸಿಕ್ಕಿಸಿ, ಆಮೇಲೆ ಹೊರಗಿನದ್ದು. ಕೈಗೆ ಎಷ್ಟು ಬಿಗಿ ಬರುತ್ತದೋ ಅಷ್ಟು ಎಳೆಯಿರಿ. ಈಗ ಗಾಳಿ ತುಂಬಿಸಿ. ಟೈರು ಉಬ್ಬಿಕೊಂಡು ತಾನೇ ಚೈನನ್ನು ಬಿಗಿ ಮಾಡುತ್ತದೆ. ಹೊರಗಡೆಗೆ, ಚೈನನ್ನು ಬಿಗಿಯಾಗಿ ಎಳೆದಿಡುವ ರಬ್ಬರಿನ ಟೆನ್ಷನರ್ ಹಾಕಿ. ಐವತ್ತು ಮೀಟರ್ ನಿಧಾನಕ್ಕೆ ಓಡಿಸಿ, ಇಳಿದು ಇನ್ನೊಂದು ಕೊಂಡಿ ಬಿಗಿ ಮಾಡಿ. ಮೊದಲ ದಿನ ಇದನ್ನು ಬಿಟ್ಟವರು ಎರಡನೇ ದಿನ ಹರಿದ ಬ್ರೇಕ್ ಪೈಪ್ ಹಿಡಿದುಕೊಂಡು ಬರುತ್ತಾರೆ.

ಚೈನ್ ಹಿಂದಿನ ಚಕ್ರಕ್ಕೇ ಯಾಕೆ? ಮುಂದಿನ ಎರಡಕ್ಕೆ ಮಾತ್ರ ಹಾಕಿದರೆ ಏರುವಾಗ ಏನೋ ಚೆನ್ನಾಗಿರುತ್ತದೆ. ಇಳಿಯುವಾಗ ಬ್ರೇಕ್ ಹಿಡಿದ ಕೂಡಲೇ ಮುಂಭಾಗ ನಿಲ್ಲುತ್ತದೆ, ಹಿಂಭಾಗ ನಿಲ್ಲುವುದಿಲ್ಲ, ಗಾಡಿ ಗರ್ರನೆ ಅಡ್ಡ ತಿರುಗುತ್ತದೆ. ಇಳಿಜಾರಿನಲ್ಲಿ ಅಡ್ಡ ನಿಂತ ಎಟಿವಿ ಪಲ್ಟಿ ಹೊಡೆಯಲು ಜಾಸ್ತಿ ಹೊತ್ತು ಬೇಡ. ನಾಲ್ಕಕ್ಕೂ ಹಾಕಬಹುದು, ಹಿಡಿತ ನಿಜಕ್ಕೂ ಬೇರೆಯೇ ಆಗುತ್ತದೆ. ಆದರೆ ಮುಂದೆ ಜಾಗ ಇಕ್ಕಟ್ಟು. ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಚೈನು ಬ್ರೇಕ್ ಪೈಪಿಗೋ ಆಕ್ಸಲಿನ ರಬ್ಬರ್ ಬೂಟಿಗೋ ತಾಗುತ್ತದಾ ನೋಡಬೇಕು. ಜೊತೆಗೆ ಮುಂದಿನ ಆಕ್ಸಲ್‌ಗಳು ಹಿಂದಿನವಷ್ಟು ಗಟ್ಟಿಮುಟ್ಟಲ್ಲ. ಹಿಂದಿನ ಜೊತೆ ಹಾಕಿ ಒಂದು ಚಳಿಗಾಲ ನೋಡಿ. ಬಹಳ ಜನಕ್ಕೆ ಅಷ್ಟೇ ಸಾಕಾಗಿದೆ.

ಇನ್ನು ಮರಳಿನ ಚೀಲ. ಗದ್ದೆ ಮಟ್ಟ ಮಾಡುವಾಗ ಎತ್ತಿನ ಹಿಂದಿನ ಹಲಗೆ ಮೇಲೆ ಮಕ್ಕಳನ್ನು ನಿಲ್ಲಿಸುತ್ತಿದ್ದರು, ಭಾರಕ್ಕೆ. ನಾನೂ ನಿಂತು ಕೆಸರು ತಿಂದವನೇ. ಅದೇ ನೆನಪಲ್ಲಿ ಕೆಲವರು ಬ್ಲೇಡ್ ಮೇಲೆಯೇ ಕಬ್ಬಿಣ ಹೇರುತ್ತಾರೆ. ಅಲ್ಲಿ ಹಲಗೆ ಒತ್ತಬೇಕಿತ್ತು, ಎಳೆಯಲು ಎತ್ತುಗಳಿದ್ದವು. ಇಲ್ಲಿ ಎತ್ತಿನ ಕಾಲೇ ಜಾರುತ್ತಿದೆ. ಭಾರ ಚಕ್ರದ ಮೇಲೆ ಬೀಳಬೇಕು.

ಅದೂ ಹಿಂದಿನ ಚಕ್ರದ ಮೇಲೆ. ಬ್ಲೇಡು ಅದರ ಕಬ್ಬಿಣದ ತೋಳು ಸೇರಿ ಸುಮಾರು 50 ಕೆಜಿ. ಅದು ಮುಂದಿನ ಆಕ್ಸಲ್‌ಗಿಂತ 90 ಸೆಂಟಿಮೀಟರ್‌ನಷ್ಟು ಮುಂದೆ ತೂಗುತ್ತದೆ. ನೀವು ಅದನ್ನು ವಿಂಚ್‌ನಿಂದ (ಹಗ್ಗ ಸುತ್ತಿ ಎಳೆಯುವ ಮೋಟಾರ್) ಎತ್ತಿದಾಗ ಗಾಡಿ ತಕ್ಕಡಿಯ ಹಾಗೆ ಆಗುತ್ತದೆ. ಮುಂದಿನ ಚಕ್ರ ಊರುಗೋಲು, ಹಿಂಭಾಗ ಹಗುರ. ಹಿಂದಿನ ಚಕ್ರಗಳಿಂದ 35 ಕೆಜಿ ಭಾರ ಕಳೆದುಹೋದಂತೆ. ಬ್ಲೇಡ್ ಎತ್ತಿಕೊಂಡು ಮೇಲೆ ಹತ್ತುವಾಗ ಚೈನ್ ಹಾಕಿದ ಆ ಚಕ್ರಗಳೇ ಹಗುರಾದರೆ ಚೈನ್ ಹಾಕಿದ್ದಕ್ಕೆ ಏನು ಅರ್ಥ? ಹಿಂದಿನ ಕ್ಯಾರಿಯರ್ ಮೇಲೆ 60 ಪೌಂಡಿನ ಎರಡು ಮರಳಿನ ಚೀಲ ಇಟ್ಟರೆ, ಅಂದರೆ 54 ಕೆಜಿ, ಕಳೆದದ್ದು ವಾಪಸ್ ಬಂದು ಸ್ವಲ್ಪ ಲಾಭವೂ ಆಗುತ್ತದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಚಳಿಗಾಲಕ್ಕೆ ಅಂತಲೇ ಉದ್ದ ದಿಂಬಿನ ಥರದ ಮರಳಿನ ಚೀಲ ಮಾರುತ್ತಾರೆ. ಆಕ್ಸಲ್ ಮೇಲೆಯೇ ಬರುವಂತೆ ಇಟ್ಟು ಬಿಗಿಯಾಗಿ ಕಟ್ಟಿ. ತೀರಾ ಹಿಂದಕ್ಕೆ ನೇತಾಡುವಂತೆ ಇಟ್ಟರೆ ಏರಿನಲ್ಲಿ ಮುಂಭಾಗ ಎದ್ದೀತು. ಕ್ಯಾರಿಯರ್ ಎಷ್ಟು ಹೊರುತ್ತದೆ ಅಂತ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ. ಟೈರಿನ ಒಳಗೆ ಕ್ಯಾಲ್ಷಿಯಂ ಕ್ಲೋರೈಡ್ ನೀರು ತುಂಬುವವರಿದ್ದಾರೆ, ಟ್ರ್ಯಾಕ್ಟರಿಗೆ ಮಾಡುವ ಹಾಗೆ. ಎಟಿವಿಗೆ ನಾನು ಹೇಳುವುದಿಲ್ಲ. ರಿಮ್ ತುಕ್ಕು ಹಿಡಿಯುತ್ತದೆ, ಪಂಕ್ಚರ್ ಆದ ದಿನ ಗ್ಯಾರೇಜೆಲ್ಲ ಉಪ್ಪಿನ ನೀರು.

ಮರಳಿನಲ್ಲಿ ಇನ್ನೊಂದು ಲಾಭ ಇದೆ. ಸಿಕ್ಕಿಕೊಂಡಾಗ ಚೀಲ ಬಿಚ್ಚಿ ಚಕ್ರದ ಮುಂದೆ ಎರಚಬಹುದು. ಒಂದು ಚೀಲವನ್ನು ಮಾತ್ರ ಬೆಚ್ಚಗಿನ ಕಡೆ ಇಟ್ಟಿರಿ. ಒದ್ದೆ ಮರಳು ಹೊರಗಿದ್ದರೆ ಕಲ್ಲಾಗುತ್ತದೆ, ಎರಚುವುದಿರಲಿ, ಸುತ್ತಿಗೆಯಿಂದ ಒಡೆಯಬೇಕು.

ಟೈರು ಮತ್ತು ಗಾಳಿ. ನಿಮ್ಮ ಗೆಳೆಯರು ಹೇಳಿದ್ದು ಆಳ ಹಿಮದಲ್ಲಿ ಸುತ್ತಾಡಲು ಸರಿ, ಬ್ಲೇಡ್ ತಳ್ಳಲು ತಪ್ಪು. ಗಾಳಿ ಇಳಿಸಿದರೆ ಪಾದ ಇನ್ನೂ ಅಗಲವಾಗುತ್ತದೆ, ಇನ್ನೂ ತೇಲುತ್ತದೆ. ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಬೆಚ್ಚಗಿನ ಗ್ಯಾರೇಜಿನಲ್ಲಿ, 20 ಡಿಗ್ರಿ ಸೆಲ್ಷಿಯಸ್‌ನಲ್ಲಿ, 6 ಪಿಎಸ್‌ಐ ತುಂಬಿಸಿ ಹೊರಗೆ ಮೈನಸ್ 20ಕ್ಕೆ ತಂದರೆ ಅದು 3ರ ಹತ್ತಿರಕ್ಕೆ ಇಳಿಯುತ್ತದೆ. ಅರ್ಧ ಮಾಯ! ಕಾರಿನಲ್ಲಿ ಇಷ್ಟೇ ಚಳಿಗೆ ಆರೇಳು ಪಿಎಸ್‌ಐ ಇಳಿದರೂ 33ರಲ್ಲಿ ಅದು ಐದನೇ ಒಂದು ಭಾಗ ಅಷ್ಟೇ. ಇಲ್ಲಿ ಇದ್ದದ್ದೇ ಆರು. ಬ್ಲೇಡ್ ಓರೆಯಾಗಿ ತಳ್ಳುವಾಗ ಪಕ್ಕದ ಒತ್ತಡ ಬಿದ್ದು, ಮೂರು ಪಿಎಸ್‌ಐಯ ಟೈರು ರಿಮ್ ಬಿಟ್ಟು ಕಳಚಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಹೊರಗಿನ ಚಳಿಯಲ್ಲೇ ಗಾಳಿ ನೋಡಿ, ಪುಸ್ತಕದಲ್ಲಿ ಹೇಳಿದಷ್ಟು ಇರಲಿ. ಕಾರಿನ ಗೇಜ್ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದಿಲ್ಲ. 10 ಪಿಎಸ್‌ಐವರೆಗಿನ ಸಣ್ಣ ಗೇಜ್ ಬೇರೆ ಸಿಗುತ್ತದೆ.

ಮಡ್ ಟೈರ್ ಯಾಕೆ ಬೇಡ ಅಂದೆ ಅಂದರೆ, ಅದರ ದೊಡ್ಡ ಬಟನ್‌ಗಳು ದೂರ ದೂರ ಇರುತ್ತವೆ. ಕೆಸರನ್ನು ಬಾಚಿ ಎಸೆಯಲು ಅದು ಬೇಕು. ಐಸ್ ಮೇಲೆ ಬೇಕಾದದ್ದು ಬಟನ್‌ಗಳಲ್ಲಿ ಸಣ್ಣ ಸಣ್ಣ ಸೀಳು, ನೂರಾರು ಅಂಚು, ಚಳಿಗೆ ಗಟ್ಟಿಯಾಗದ ಮೆತ್ತನೆ ರಬ್ಬರು. ಅಂಥ ಚಳಿಗಾಲದ ಟೈರುಗಳು ಎಟಿವಿಗೂ ಇವೆ. ಈಗಿನ ಟೈರು ಸವೆದ ಮೇಲೆ, ಹೊಸದು ಕೊಳ್ಳುವಾಗ ನೋಡಿ. ಅಗಲಕ್ಕಿಂತ ಕಿರಿದು ಒಳ್ಳೇದು. ಬಟನ್‌ಗಳಿಗೆ ತಿರುಪಿನಂಥ ಕಾರ್ಬೈಡ್ ಮೊಳೆ ಹಾಕುವುದೂ ಚೆನ್ನಾಗಿ ಕೆಲಸ ಮಾಡುತ್ತದೆ, ಮೊಳೆಯ ಉದ್ದ ಬಟನ್‌ನ ದಪ್ಪಕ್ಕಿಂತ ಕಡಿಮೆ ಇದ್ದರೆ. ಇಲ್ಲದಿದ್ದರೆ ನಿಮ್ಮ ಕೈಯಾರೆ ಮೂವತ್ತು ಪಂಕ್ಚರ್.

ಗಾಡಿಯ ಬಗ್ಗೆ ಒಂದು ಪ್ರಶ್ನೆ ನಾನು ಕೇಳಬೇಕು. ಚಕ್ರಗಳು ಸುತ್ತುತ್ತವೆ ಅಂದಿರಿ. ನಿಜಕ್ಕೂ ನಾಲ್ಕಾ? ಯಾರನ್ನಾದರೂ ದೂರ ನಿಲ್ಲಿಸಿ ನೋಡಿಸಿ. ಹಳೇ ಗಾಡಿಗಳಲ್ಲಿ, ಎರಡು ಚಕ್ರಕ್ಕೆ ಶಕ್ತಿ ಹಂಚುವ ಮುಂದಿನ ಡಿಫರೆನ್ಷಿಯಲ್ ಲಾಕ್ ಆಗದಿದ್ದರೆ ಮುಂದೆ ಒಂದು ಚಕ್ರ ಸುತ್ತುತ್ತದೆ, ಇನ್ನೊಂದು ಸುಮ್ನೆ ನಿಂತಿರುತ್ತದೆ. ಲಾಕ್ ಸ್ವಿಚ್ ಇದ್ದರೆ ಏರು ಮುಟ್ಟುವ ಮೊದಲೇ ಹಾಕಿ. ಇನ್ನು ಕೆಲವು ಗಾಡಿಗಳಲ್ಲಿ ಹಿಂದಿನ ಚಕ್ರ ಜಾರಿದ ಮೇಲೆಯೇ ಮುಂದಿನವು ಎಚ್ಚರಾಗುತ್ತವೆ. ಅಷ್ಟರಲ್ಲಿ ಕೆಳಗಿನ ಹಿಮ ಗಾಜಾಗಿರುತ್ತದೆ. ಯಾವ ಗಾಡಿಯೇ ಆಗಲಿ, ಲೋ ಗೇರ್‌ನಲ್ಲೇ ತಳ್ಳಿ. ಎಂಜಿನ್ ಶಕ್ತಿಯನ್ನು ಬೆಲ್ಟ್ ಮೂಲಕ ಚಕ್ರಕ್ಕೆ ಕಳಿಸುವ ಗಾಡಿಯಾದರೆ, ಹೈನಲ್ಲಿ ತಳ್ಳಿದರೆ ಆ ಬೆಲ್ಟ್ ಜಾರಿ ಸುಡುತ್ತದೆ. ಆ ಸುಟ್ಟ ರಬ್ಬರ್ ವಾಸನೆ ನಮ್ಮಂಥವರಿಗೆ ಸಂಬಳದ ವಾಸನೆ.

ಈಗ ಹೊರೆಯ ಕಡೆ ಬರೋಣ. 60 ಇಂಚಿನ ಬ್ಲೇಡ್ ಅಂದರೆ ಒಂದೂವರೆ ಮೀಟರ್. 10 ಸೆಂಟಿಮೀಟರ್ ಹಿಮ, ಬ್ಲೇಡ್ ನೇರ ಇಟ್ಟು 10 ಮೀಟರ್ ತಳ್ಳಿದರೆ ಮುಂದೆ ಒಂದೂವರೆ ಘನ ಮೀಟರ್ ಗುಡ್ಡೆ. ಜನವರಿಯ ಒಣ ಪುಡಿ ಹಿಮ ಘನ ಮೀಟರಿಗೆ ನೂರು ಕೆಜಿಯ ಒಳಗೆ, ಹಾಗಾಗಿ 150 ಕೆಜಿ. ಮಾರ್ಚಿಯ ಒದ್ದೆ ಹಿಮ 250 ಕೆಜಿ ತೂಗುತ್ತದೆ, ಅದೇ ಗುಡ್ಡೆ 375 ಕೆಜಿ. ನಿಮ್ಮ ಗಾಡಿಯ ತೂಕಕ್ಕಿಂತ ಜಾಸ್ತಿ! ಮೇಲಾಗಿ ಸೊನ್ನೆ ಡಿಗ್ರಿಯ ಹತ್ತಿರದ ಐಸ್, ಮೈನಸ್ 20ರ ಐಸ್‌ಗಿಂತ ಹೆಚ್ಚು ಜಾರುತ್ತದೆ. ಹೊರೆ ಹೆಚ್ಚು, ಹಿಡಿತ ಕಡಿಮೆ, ಎರಡೂ ಒಟ್ಟಿಗೆ. ಮಾರ್ಚಿಯಲ್ಲೇ ಗಾಡಿಗಳು ನನ್ನ ಹತ್ತಿರ ಜಾಸ್ತಿ ಬರುವುದು ಇದಕ್ಕೇ.

ಅದಕ್ಕೆ ಬ್ಲೇಡನ್ನು ಓರೆ ಇಡಿ. 30 ಡಿಗ್ರಿ ಓರೆಯಾದರೂ 52 ಇಂಚು ದಾರಿ ಬಿಡಿಸುತ್ತದೆ. ಹಿಮ ಪಕ್ಕಕ್ಕೆ ಸುರಿಯುತ್ತಾ ಹೋಗುವುದರಿಂದ ಹೊರೆ ಬೆಳೆಯುವುದಿಲ್ಲ. ಮತ್ತೆ ಹಿಮ ನಿಲ್ಲಲಿ ಅಂತ ಕಾಯಬೇಡಿ. ಮೂರು ನಾಲ್ಕು ಇಂಚು ಬಿದ್ದ ಕೂಡಲೇ ಒಂದು ಸಲ, ಇನ್ನಷ್ಟು ಬಿದ್ದ ಮೇಲೆ ಇನ್ನೊಂದು ಸಲ. ಕಾರು ಓಡಾಡುವ ಮೊದಲೇ ತಳ್ಳಿಬಿಟ್ಟರೆ ಇನ್ನೂ ಒಳ್ಳೇದು. ಕಾರಿನ ಚಕ್ರ ಒತ್ತಿದ ಹಿಮವೇ ಮರುದಿನ ನಿಮ್ಮನ್ನು ಜಾರಿಸುವ ಐಸ್. ಜಲ್ಲಿ ಭಾಗದಲ್ಲಿ ನೆಲ ಗಟ್ಟಿಯಾಗಿ ಹೆಪ್ಪುಗಟ್ಟುವವರೆಗೆ ಬ್ಲೇಡಿನ ಕೆಳಗಿನ ಶೂಗಳನ್ನು (ನೆಲಕ್ಕೆ ತಾಗಿ ಬ್ಲೇಡನ್ನು ಹೊರುವ ಪಾದಗಳು) ಒಂದು ಇಂಚು ಇಳಿಸಿ, ಬ್ಲೇಡ್ ನೆಲದಿಂದ ಅಷ್ಟು ಮೇಲೆ ನಿಲ್ಲಲಿ. ಇಲ್ಲದಿದ್ದರೆ ವಸಂತದಲ್ಲಿ ಹುಲ್ಲಿನಿಂದ ಜಲ್ಲಿ ಆರಿಸುತ್ತಾ ಕೂರಬೇಕು. ಡಾಂಬರಿನಲ್ಲಿ ಶೂ ಮೇಲೇರಿಸಿ, ನೆಲ ಕೆರೆಯಲಿ.

ಚಕ್ರ ನಿಂತಲ್ಲೇ ಸುತ್ತಲು ಶುರುವಾದರೆ ಆಕ್ಸಲರೇಟರ್ ಒತ್ತಿದ ಹೆಬ್ಬೆರಳು ತಕ್ಷಣ ಬಿಡಿ. ಒಂದೇ ಸೆಕೆಂಡ್ ಸುತ್ತಿದರೂ ಟೈರಿನ ಬಿಸಿಗೆ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಕನ್ನಡಿ ಆಗುತ್ತದೆ. ಬ್ಲೇಡ್ ಒಂದಿಂಚು ಎತ್ತಿ, ಎರಡು ಮೀಟರ್ ಹಿಂದೆ ಬಂದು, ಅರ್ಧ ಬ್ಲೇಡಿನಷ್ಟೇ ಹಿಮ ಕಚ್ಚಿ ಮತ್ತೆ ಹೋಗಿ.

ಗುದ್ದುವ ವಿಷಯ ಬಾಕಿ ಇದೆ. ನಾನೂ ಬುದ್ಧಿವಂತನೇನಲ್ಲ. ಇಲ್ಲಿಗೆ ಬಂದ ಮೊದಲ ಚಳಿಗಾಲ ಒಂದು ಗುಡ್ಡೆಗೆ ಹೀಗೇ ಓಡಿ ಬಂದು ಗುದ್ದಿದೆ. ಗುಡ್ಡೆಯ ಒಳಗೆ ಕಡಿದ ಮರದ ಬುಡ ಇತ್ತು. ಬ್ಲೇಡ್ ನಿಂತಿತು, ಗಾಡಿ ನಿಂತಿತು, ನಾನು ನಿಲ್ಲಲಿಲ್ಲ. ಹ್ಯಾಂಡಲ್ ಮೇಲಿಂದ ಹಾರಿ ಬ್ಲೇಡಿನ ಆಚೆ ಬಿದ್ದೆ. ಹೆಲ್ಮೆಟ್ ಇತ್ತು, ತಲೆ ಉಳಿಯಿತು. ತಳ್ಳುವ ತೋಳಿನ ಬೋಲ್ಟ್ ತುಂಡಾಗಿ ಹೊಟ್ಟೆಯ ಕೆಳಗಿನ ಪ್ಲೇಟ್ ಬಾಳೆ ಎಲೆಯ ಹಾಗೆ ಮಡಚಿಕೊಂಡಿತ್ತು. ಏನಾದರೂ ತಾಗಿದರೆ ಬ್ಲೇಡ್ ಮುಂದಕ್ಕೆ ಬಗ್ಗಿ ಪಾರಾಗಲಿ ಅಂತ ಸ್ಪ್ರಿಂಗ್ ಇರುತ್ತದೆ, ಆದರೆ ಅದು ಕೆಲಸ ಮಾಡುವುದು ನಿಧಾನಕ್ಕೆ ತಾಗಿದಾಗ ಮಾತ್ರ. ಜೋರಾಗಿ ಹೊಡೆದರೆ ಅದಕ್ಕೂ ಪುರುಸೊತ್ತು ಬೇಕಲ್ಲ.

ಇನ್ನೊಂದು ಸಣ್ಣ ಸಂಗತಿ. ಗಾಡಿ ಬೆಚ್ಚಗಿನ ಗ್ಯಾರೇಜಿನಲ್ಲಿದ್ದರೆ ತಳ್ಳುವ ಅರ್ಧ ಗಂಟೆ ಮೊದಲೇ ಹೊರಗೆ ತಂದು ನಿಲ್ಲಿಸಿ. ಬಿಸಿ ಟೈರು ಹಿಮಕ್ಕೆ ತಾಗಿದರೆ ಕರಗಿಸಿ ಐಸ್ ಮಾಡುತ್ತದೆ, ಬಿಸಿ ಬ್ಲೇಡಿಗೆ ಹಿಮ ದೋಸೆ ಹಿಟ್ಟಿನ ಹಾಗೆ ಅಂಟುತ್ತದೆ. ಬ್ಲೇಡ್ ತಣ್ಣಗಾದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದರೆ ಒದ್ದೆ ಹಿಮವೂ ಜಾರಿ ಬೀಳುತ್ತದೆ. ಮುಚ್ಚಿದ ಗ್ಯಾರೇಜಿನೊಳಗೆ ಮಾತ್ರ ಎಂಜಿನ್ ಓಡಿಸಬೇಡಿ, ಹೊಗೆ ಪ್ರಾಣ ತೆಗೆಯುತ್ತದೆ. ಏರಿನಲ್ಲಿ ಐಸ್ ಕಟ್ಟಿಬಿಟ್ಟಿದ್ದರೆ ಅಡುಗೆ ಉಪ್ಪಿನ ಜಾತಿಯ ಉಪ್ಪು ಮೈನಸ್ 9 ಡಿಗ್ರಿ ಸೆಲ್ಷಿಯಸ್‌ವರೆಗೆ ಸುಮಾರಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಚಳಿಯಾದರೆ ಮರಳೇ ಗತಿ.

ಕೊನೆಗೆ, ನಿಮ್ಮ ತಳ್ಳುವ ದಾರಿ. ನೀವು ಕೆಳಗಿನಿಂದ ಶುರು ಮಾಡುವುದು ಯಾಕೆ ಅಂತ ನನಗೆ ಗೊತ್ತು. ರಸ್ತೆಯ ಹಿಮ ತಳ್ಳುವ ಊರಿನ ದೊಡ್ಡ ಪ್ಲೋ ಲಾರಿ ಹೋದ ಮೇಲೆ ನಿಮ್ಮ ಡ್ರೈವ್‌ವೇ ಬಾಯಿಗೆ ಗಟ್ಟಿ ಹಿಮದ ಒಡ್ಡು ಬಿದ್ದಿರುತ್ತದೆ, ಅದನ್ನು ಮೇಲಕ್ಕೆ ನೂಕುತ್ತೀರಿ. ಹಾಗೆ ಮಾಡಬೇಡಿ. ಮನೆಯ ಹತ್ತಿರದಿಂದ ಬ್ಲೇಡನ್ನು ಬಲಕ್ಕೆ ಓರೆ ಮಾಡಿ ಕೆಳಗೆ ಇಳಿಯುತ್ತಾ ಬನ್ನಿ. ಹಿಮ ಬಲಗಡೆಗೆ ಸುರಿಯಲಿ. ರಸ್ತೆಗೆ ಐದಾರು ಮೀಟರ್ ಮುಂಚೆ ವೇಗ ಪೂರ್ತಿ ಇಳಿಸಿ. ರಸ್ತೆಗೆ ಹಿಮ ತಳ್ಳಿ ಬಿಡುವುದು ಮಿನೆಸೋಟದಲ್ಲಿ ಕಾನೂನಿಗೆ ವಿರುದ್ಧ. ಒಡ್ಡನ್ನು ಒಂದು ಅಂಚಿನಿಂದ ಒಂದೊಂದೇ ಅಡಿ ಕಚ್ಚಿ ಅದೇ ಬಲಗಡೆಗೆ ಸರಿಸಿ. ನವೆಂಬರ್‌ನಲ್ಲೇ ಗುಡ್ಡೆಯನ್ನು ಸಾಕಷ್ಟು ದೂರಕ್ಕೆ ಒತ್ತಿಡಿ, ಫೆಬ್ರವರಿಯಲ್ಲಿ ಅದು ಕಲ್ಲಾಗಿ ಒಂದಿಂಚೂ ಅಲುಗುವುದಿಲ್ಲ.

ಆ ಒಡ್ಡನ್ನೇ ಸಣ್ಣದು ಮಾಡಬಹುದು. ಮನೆಗೆ ಬೆನ್ನು ಹಾಕಿ, ರಸ್ತೆ ನೋಡಿಕೊಂಡು ನಿಂತುಕೊಳ್ಳಿ. ಇಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಓಡುವುದರಿಂದ ಪ್ಲೋ ಲಾರಿ ನಿಮ್ಮ ಎಡಗಡೆಯಿಂದ ಬರುತ್ತದೆ. ಆ ಎಡಗಡೆ, ಡ್ರೈವ್‌ವೇ ಶುರುವಾಗುವ ಮೊದಲು, ರಸ್ತೆಯ ಅಂಚಿನಲ್ಲಿ ಹತ್ತು ಹನ್ನೆರಡು ಅಡಿಯಷ್ಟು ಹಿಮ ತೆಗೆದು ಒಂದು ಜೇಬಿನ ಹಾಗೆ ಖಾಲಿ ಜಾಗ ಬಿಡಿ. ಲಾರಿಯ ಬ್ಲೇಡು ಹೊತ್ತು ತಂದದ್ದನ್ನೆಲ್ಲ ಆ ಜೇಬಿಗೆ ಸುರಿದು, ನಿಮ್ಮ ಬಾಯಿಯ ಮುಂದೆ ಹೆಚ್ಚೂಕಡಿಮೆ ಖಾಲಿ ಕೈಯಲ್ಲಿ ಹೋಗುತ್ತದೆ. ಮನಾಲಿಯಲ್ಲಾಗಿದ್ದರೆ ಆ ಜೇಬು ಬಲಗಡೆ ಬೇಕಿತ್ತು, ಡುಲೂತ್‌ನಲ್ಲಿ ಎಡಗಡೆ.